ಟಕ್ ಅಂದಾಗಲೇ ಕೇಳಿಸಿಕೊಳ್ಳಬೇಕಿತ್ತು

ನಮ್ಮನೆ ಜೀಪು ನನಗಿಂತ ಹನ್ನೊಂದು ವರ್ಷ ದೊಡ್ಡದು. 1986ರ ಮಾಡೆಲ್ ಮಹೀಂದ್ರ, ಡೀಸೆಲ್. ತೀರ್ಥಹಳ್ಳಿಯಿಂದ ಒಳಗೆ ಹೋಗಿ, ಟಾರು ರಸ್ತೆ ಮುಗಿದ ಮೇಲೆ ಇನ್ನೂ ಮೂರು ಕಿಲೋಮೀಟರ್ ಮಣ್ಣು ರಸ್ತೆಯಲ್ಲಿ ಹೋದರೆ ನಮ್ಮ ಮನೆ. ಗೊಬ್ಬರ ತರೋದಕ್ಕೆ, ಅಡಿಕೆ ಸಾಗಿಸೋದಕ್ಕೆ, ಮಳೆಗಾಲದ ರಾತ್ರಿ ಅಕ್ಕಪಕ್ಕದ ಮನೆಯವರಿಗೆ ಹುಷಾರಿಲ್ಲ ಅಂದ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗೋದಕ್ಕೆ.. ಎಲ್ಲದಕ್ಕೂ ಅದೇ. ನಾನೋ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಎಲ್ಲರ ಹಾಗೆ ಬೆಂಗಳೂರಿಗೆ ಬಂದು ಸಾಫ್ಟ್‌ವೇರ್ ಸೇರಿದವನು. ಜೀಪಿಗೂ ನನಗೂ ಇದ್ದ ಸಂಬಂಧ ಅಂದ್ರೆ ಹಬ್ಬಕ್ಕೆ ಊರಿಗೆ ಹೋದಾಗ ಅದರ ಬಾನೆಟ್ ಮೇಲೆ ಕೂತು ಫೋಟೋ ತೆಗೆಸಿಕೊಳ್ಳೋದು ಅಷ್ಟೇ :-)

ಆ ಜೀಪು ಒಂದು ವರ್ಷದಿಂದ "ಟಕ್" ಅಂತಿತ್ತು. ಮುಂದಿನ ಗೇರಿನಿಂದ ರಿವರ್ಸಿಗೆ ಹಾಕಿ ಕ್ಲಚ್ ಬಿಟ್ಟರೆ ಕೆಳಗಡೆ ಎಲ್ಲೋ ಒಂದು ಟಕ್. ನಿಧಾನಕ್ಕೆ ಹೋಗುವಾಗ, ಎಂಜಿನ್ ಸದ್ದು ಕಮ್ಮಿ ಇದ್ದಾಗ, ಹಕ್ಕಿಮರಿ ಕೂಗಿದ ಹಾಗೆ ಕಿಚ್ ಕಿಚ್ ಕಿಚ್. ವೇಗ ಜಾಸ್ತಿ ಮಾಡಿದರೆ ಕಿಚ್‌ಕಿಚ್ಚೂ ಜಾಸ್ತಿ. ನಾನು ಒಮ್ಮೆ ಕೇಳಿದ್ದೆ, "ಎಂಥದಪ್ಪ ಇದು ಸದ್ದು?" ಅಂತ. ಅಪ್ಪ ಹೇಳಿದ್ದು ಒಂದೇ ಮಾತು: "ಹಳೇ ಗಾಡಿ ಮಾರಾಯ, ಸದ್ದು ಮಾಡದೇ ಇರುತ್ತಾ?" ಆ ಉತ್ತರ ನನಗೆ ಆಗ ಬಹಳ ಸಮಂಜಸ ಅನ್ನಿಸಿತ್ತು.

2023ರ ನವೆಂಬರ್. ಕೊನೆ ಕೊಯ್ಲಿನ ಸಮಯ. ನಾನು ರಜೆ ಹಾಕಿ ಹೋಗಿದ್ದೆ. ತೋಟದಿಂದ ಮನೆ ಅಂಗಳಕ್ಕೆ ಬರುವ ದಾರಿಯಲ್ಲಿ ಒಂದು ಕಡಿದಾದ ಏರು ಇದೆ. ಒಂದು ಕಡೆ ಧರೆ, ಇನ್ನೊಂದು ಕಡೆ ತೋಟದ ಕಣಿವೆ. ಜೀಪಿನ ಹಿಂದೆ ತುಂಬಾ ಹಸಿ ಅಡಿಕೆ ಕೊನೆ, ಅದರ ಮೇಲೆ ಕೆಲಸಕ್ಕೆ ಬಂದ ಇಬ್ಬರು. ಮುಂದೆ ಅಪ್ಪ, ಪಕ್ಕದಲ್ಲಿ ನಾನು. ಏರಿನ ಅರ್ಧದಲ್ಲಿ ಢಣ್ ಅಂತ ಒಂದು ಸದ್ದು. ಆಮೇಲೆ ಕಾಲಡಿಯಲ್ಲಿ ಯಾರೋ ಸುತ್ತಿಗೆಯಲ್ಲಿ ಹೊಡೆದ ಹಾಗೆ ಢಣ ಢಣ ಢಣ. ಎಂಜಿನ್ ಭೋರ್ ಅಂತ ಕೂಗ್ತಿದೆ, ಜೀಪು ನಿಂತಿದೆ. ನಿಂತಿದ್ದಲ್ಲ.. ಹಿಂದಕ್ಕೆ ಜಾರುತ್ತಿದೆ!

ಅಪ್ಪ ಬ್ರೇಕ್ ತುಳಿದರು. ಪುಣ್ಯಕ್ಕೆ ಹಿಡೀತು. ಹ್ಯಾಂಡ್‌ಬ್ರೇಕ್ ಎಳೆದು ಕಾಲನ್ನ ಸ್ವಲ್ಪ ಸಡಿಲ ಮಾಡಿದರು. ಜೀಪು ಮತ್ತೆ ಹಿಂದಕ್ಕೆ. ಮತ್ತೆ ತುಳಿದರು. ಹ್ಯಾಂಡ್‌ಬ್ರೇಕ್ ಪೂರ್ತಿ ಮೇಲಿದೆ, ಗೇರಿನಲ್ಲೂ ಇದೆ, ಆದರೂ ಎರಡೂ ಹಿಡೀತಿಲ್ಲ. ಅಪ್ಪನ ಮುಖದಲ್ಲಿ ಅಂಥ ಬೆವರು ನಾನು ನೋಡಿದ್ದು ಅವತ್ತೇ ಮೊದಲು. ಹಿಂದೆ ಇದ್ದವರು ಧುಮುಕಿ ದೊಡ್ಡ ಎರಡು ಕಲ್ಲು ತಂದು ಚಕ್ರಕ್ಕೆ ಒತ್ತಿಟ್ಟ ಮೇಲೆ ಅಪ್ಪ ಕಾಲು ತೆಗೆದಿದ್ದು. ಇಳಿದು ಬಗ್ಗಿ ನೋಡಿದರೆ ಹಿಂದಿನ ಪ್ರೊಪೆಲ್ಲರ್ ಶಾಫ್ಟಿನ ಒಂದು ತುದಿ ನೆಲಕ್ಕೆ ಬಿದ್ದಿದೆ. ಅಲ್ಲಿ ಇರಬೇಕಿದ್ದ ಕ್ರಾಸು ಪುಡಿಪುಡಿ.

ನಮ್ಮ ಕಡೆ ಮೆಕ್ಯಾನಿಕ್‌ಗಳು ಅದಕ್ಕೆ ಕ್ರಾಸು ಅಂತಲೋ, ಯುಜೆ ಕ್ರಾಸು ಅಂತಲೋ ಹೇಳ್ತಾರೆ. ನೋಡೋದಕ್ಕೆ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಕೂಡಿಸುವ ಚಿಹ್ನೆ. ನಾಲ್ಕು ತೋಳು, ಒಂದೊಂದು ತೋಳಿಗೆ ಒಂದೊಂದು ಬಟ್ಟಲಿನಂಥ ಕ್ಯಾಪು, ಕ್ಯಾಪಿನ ಒಳಗೆ ಸುತ್ತಲೂ ಸೂಜಿ ಜೋಡಿಸಿಟ್ಟ ಹಾಗೆ ಬೇರಿಂಗು. ಗೇರ್ ಬಾಕ್ಸು ಚಾಸಿಗೆ ಕಟ್ಟಿದ್ದು, ಅಲ್ಲಾಡಲ್ಲ. ಆಕ್ಸಲ್ಲು ಪ್ಲೇಟ್ ಸ್ಪ್ರಿಂಗಿನ ಮೇಲೆ ಕುಣಿಯುತ್ತಾ ಇರುತ್ತೆ. ಕುಣಿಯುವುದಕ್ಕೂ ಕುಣಿಯದ್ದಕ್ಕೂ ನಡುವೆ ಶಕ್ತಿ ದಾಟಿಸಬೇಕು ಅಂದ್ರೆ ಶಾಫ್ಟಿನ ಎರಡೂ ತುದಿಯಲ್ಲಿ ಮಡಚುವ ಕೀಲು ಬೇಕು. ಆ ಕೀಲೇ ಕ್ರಾಸು. ಫೋರ್ ವೀಲ್ ಜೀಪಿಗೆ ಮುಂದೊಂದು ಹಿಂದೊಂದು ಶಾಫ್ಟು, ಒಟ್ಟು ನಾಲ್ಕು ಕ್ರಾಸು. (ಮುಂದಿನ ಚಕ್ರದ ಒಳಗಿನ ಜಾಯಿಂಟುಗಳ ಕಥೆ ಬೇರೆ, ಇವತ್ತು ಅದು ಬೇಡ.) ಚಕ್ರ ಒಂದು ಸುತ್ತು ತಿರುಗಿದರೆ ಶಾಫ್ಟು ಸುಮಾರು ಐದು ಸುತ್ತು ತಿರುಗಿರುತ್ತೆ. ಮನೆಯಿಂದ ಪೇಟೆಗೆ ಹೋಗಿ ಬರುವಷ್ಟರಲ್ಲಿ ಎಷ್ಟು ಸಾವಿರ ಸುತ್ತು ಅಂತ ನೀವೇ ಲೆಕ್ಕ ಹಾಕಿ.

ಹ್ಯಾಂಡ್‌ಬ್ರೇಕ್ ಯಾಕೆ ಹಿಡೀಲಿಲ್ಲ ಅಂತ ನನಗೆ ಅರ್ಥ ಆಗಿದ್ದು ಸಂಜೆ. ಈಗಿನ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನೇ ಹಿಡಿಯುತ್ತೆ. ನಮ್ಮ ಜೀಪಿನಂಥ ಹಳೇ ಜೀಪಿನಲ್ಲಿ ಅದು ಹಿಡಿಯೋದು ಟ್ರಾನ್ಸ್‌ಫರ್ ಕೇಸಿನ ಹಿಂದೆ ಇರುವ ಒಂದು ಡ್ರಮ್ಮನ್ನ. ಅಂದ್ರೆ ಶಾಫ್ಟಿನ ಬುಡವನ್ನ. ಬುಡ ಹಿಡಿದರೆ ಶಾಫ್ಟು ನಿಲ್ಲುತ್ತೆ, ಶಾಫ್ಟು ನಿಂತರೆ ಚಕ್ರ ನಿಲ್ಲುತ್ತೆ. ಕ್ರಾಸು ಮುರಿದ ಮೇಲೆ ಶಾಫ್ಟಿಗೂ ಚಕ್ರಕ್ಕೂ ಏನು ಸಂಬಂಧ? ಹ್ಯಾಂಡ್‌ಬ್ರೇಕು ಹೋಯ್ತು, ಗೇರಿನ ಹಿಡಿತವೂ ಹೋಯ್ತು, ಉಳಿದಿದ್ದು ಕಾಲಡಿಯ ಬ್ರೇಕ್ ಒಂದೇ. ಕುಣಿಯುತ್ತಿದ್ದ ಆ ಶಾಫ್ಟು ಬ್ರೇಕಿನ ಪೈಪಿಗೆ ಬಡಿದಿದ್ದರೆ ಅದೂ ಇರ್ತಿರಲಿಲ್ಲ. ನಾನು ಇದನ್ನ ಬರೆಯೋದಕ್ಕೂ ಇರ್ತಿರಲಿಲ್ಲವೋ ಏನೋ.

ಮತ್ತೊಂದು ಮಾತು. ಅಪ್ಪ ಏರು ಹತ್ತುವ ಮೊದಲೇ ಫೋರ್ ವೀಲ್ ಹಾಕಿದ್ದರೆ ಮುಂದಿನ ಶಾಫ್ಟು ಕೂಡ ಹಿಡಿದುಕೊಂಡಿರುತ್ತಿತ್ತು, ಹ್ಯಾಂಡ್‌ಬ್ರೇಕೂ ಮುಂದಿನ ಚಕ್ರದ ಮೂಲಕ ಕೆಲಸ ಮಾಡ್ತಿತ್ತು. "ಇಷ್ಟಕ್ಕೆಲ್ಲ ಫೋರ್ ವೀಲ್ ಯಾಕೆ, ನೆಲ ಒಣಗಿದೆಯಲ್ಲ" ಅಂತ ಹಾಕಿರಲಿಲ್ಲ. ಅವತ್ತು ಕೊನೆಗೆ ಮನೆ ಸೇರಿದ್ದೂ ಹಾಗೇ. ಮುರಿದ ಶಾಫ್ಟನ್ನ ಪೂರ್ತಿ ಬಿಚ್ಚಿ ಹಿಂದೆ ಹಾಕಿಕೊಂಡು, ಲೋಡೆಲ್ಲ ಇಳಿಸಿ, ಫೋರ್ ವೀಲ್ ಕೋಲು ಎಳೆದು, ಬರೀ ಮುಂದಿನ ಚಕ್ರದ ಬಲದಲ್ಲಿ ಆಮೆ ಹಾಗೆ ಹತ್ತಿಸಿದ್ದು.

ಮರುದಿನ ಬೈಕಿನಲ್ಲಿ ಶಾಫ್ಟು ಕಟ್ಟಿಕೊಂಡು ಮೇಸ್ತ್ರಿ ಹತ್ತಿರ ಹೋದೆ. ಜೀಪಿನ ಕೆಲಸದಲ್ಲಿ ಕೂದಲು ಹಣ್ಣಾದವರು. ಮುರಿದ ಕ್ಯಾಪನ್ನ ಬೆರಳಲ್ಲಿ ಉಜ್ಜಿ ಮೂಗಿನ ಹತ್ತಿರ ತಂದು, "ಗ್ರೀಸ್ ಹೊಡ್ದು ಎಷ್ಟು ವರ್ಷ ಆಯ್ತು ಮಾರಾಯ್ರೆ?" ಅಂದರು. ನಾನು ಸುಮ್ಮನಿದ್ದೆ. ಒಳಗೆ ಗ್ರೀಸಿನ ಗುರುತೇ ಇರಲಿಲ್ಲ, ಇಟ್ಟಿಗೆ ಬಣ್ಣದ ಪುಡಿ ಮಾತ್ರ. ಆ ಪುಡಿ ಅಂದ್ರೆ ತುಕ್ಕಾದ ಸೂಜಿಗಳೇ. ಮುರಿಯದೇ ಇದ್ದ ತೋಳನ್ನ ಒರೆಸಿ ನನ್ನ ಕೈಗೆ ಕೊಟ್ಟು, "ಉಗುರಲ್ಲಿ ಗೀರಿ ನೋಡಿ" ಅಂದರು. ಸಾಲಾಗಿ ಗೆರೆಗಳು. ಶಾಫ್ಟು ಸುತ್ತುತ್ತೆ ನಿಜ, ಆದರೆ ಕ್ಯಾಪಿನ ಒಳಗೆ ಸೂಜಿ ಪೂರ್ತಿ ಸುತ್ತಲ್ಲ. ಸ್ವಲ್ಪ ಆಚೆ, ಸ್ವಲ್ಪ ಈಚೆ, ಅಷ್ಟೇ. ಗ್ರೀಸಿಲ್ಲದಿದ್ದರೆ ಅದೇ ಜಾಗವನ್ನ ಒತ್ತಿ ಒತ್ತಿ ಗೆರೆ ಹಾಕುತ್ತೆ. ಆ ಗೆರೆಯಲ್ಲಿ ಸೂಜಿ ಕೂತು ಎದ್ದಾಗಲೇ ನಮಗೆ ಟಕ್ ಅಂತ ಕೇಳಿಸ್ತಿದ್ದಿದ್ದು. ಒಂದು ವರ್ಷ ಅದು ಹೇಳ್ತಾನೇ ಇತ್ತು.

ಮೇಸ್ತ್ರಿ ಕೆಲಸ ಮಾಡುವುದನ್ನ ಪೂರ್ತಿ ಕೂತು ನೋಡಿದೆ. ಲಾಕುಗಳನ್ನ ತೆಗೆದು, ಸುತ್ತಿಗೆ ಮುಟ್ಟದೆ, ಬೆಂಚ್ ವೈಸಿನಲ್ಲಿ ಶಾಫ್ಟಿನ ಕಿವಿಯನ್ನ ಇಟ್ಟು ಒಂದು ಕಡೆ ಸಣ್ಣ ಬಾಕ್ಸ್ ಸ್ಪ್ಯಾನರು, ಇನ್ನೊಂದು ಕಡೆ ದೊಡ್ಡ ಬಾಕ್ಸ್ ಸ್ಪ್ಯಾನರು ಕೊಟ್ಟು ನಿಧಾನಕ್ಕೆ ತಿರುಗಿಸಿದರು. ಸಣ್ಣದು ತಳ್ಳಿದ ಕ್ಯಾಪು ದೊಡ್ಡದರ ಒಳಗೆ ಬಂದು ಬಿತ್ತು. ಹೊಸ ಕ್ರಾಸು ಕೂರಿಸುವಾಗ ಕ್ಯಾಪಿನ ಒಳಗೆ ಗ್ರೀಸು ಬಳಿದು ಸೂಜಿಗಳು ನೆಟ್ಟಗೆ ನಿಲ್ಲುವ ಹಾಗೆ ಮಾಡಿದರು. ಒಂದೇ ಒಂದು ಸೂಜಿ ಬಿದ್ದು ಕ್ಯಾಪಿನ ತಳದಲ್ಲಿ ಅಡ್ಡ ಮಲಗಿದರೂ ಕ್ಯಾಪು ಪೂರ್ತಿ ಒಳಗೆ ಹೋಗಲ್ಲ, ಲಾಕು ತನ್ನ ಗಾಡಿಯಲ್ಲಿ ಕೂರಲ್ಲ. ಆಗ ಅವಸರದವರು ಮಾಡುವ ಕೆಲಸ ಅಂದ್ರೆ ಸುತ್ತಿಗೆಯಲ್ಲಿ ಒಂದು ಬಾರಿಸೋದು! ಸೂಜಿ ಮುರಿಯುತ್ತೆ, ಹೊಸ ಕ್ರಾಸು ಹುಟ್ಟುವಾಗಲೇ ಸಾಯುತ್ತೆ. ನಾಲ್ಕೂ ಲಾಕು ಕೂತ ಮೇಲೆ ಕಿವಿಗೆ ಮೆತ್ತಗೆ ಒಂದೊಂದು ತಟ್ಟಿ, ಬೆರಳಲ್ಲಿ ಆಡಿಸಿ ತೋರಿಸಿದರು. ಎಲ್ಲಾ ಕಡೆಗೂ ಒಂದೇ ಸಮ, ಎಲ್ಲೂ ಬಿಗಿ ಇಲ್ಲ, ಎಲ್ಲೂ ಸಡಿಲ ಇಲ್ಲ.

ಇಷ್ಟು ನೋಡಿದ ಮೇಲೆ ಎಂಜಿನಿಯರಿಗೆ ಹುರುಪು ಬರದೇ ಇರುತ್ತಾ? ಶಾಫ್ಟು ನಾನೇ ಜೋಡಿಸ್ತೀನಿ ಅಂತ ಮನೆಗೆ ತಂದೆ. ಶಾಫ್ಟು ಎರಡು ತುಂಡಿನದ್ದು, ಒಂದರೊಳಗೊಂದು ಜಾರುವ ಹಲ್ಲಿನ ಜೋಡಣೆ. ತರುವಾಗ ಬೈಕಿನಲ್ಲಿ ಬಿಚ್ಚಿಕೊಂಡಿತ್ತು. ಹಲ್ಲು ಕೂತಿತು ಅಂತ ತಳ್ಳಿ ಬೋಲ್ಟ್ ಹಾಕಿದೆ. ಹೊರಟರೆ ಇಡೀ ಜೀಪು ಗಡಗಡ ನಡುಗುತ್ತಿದೆ. ಮೇಸ್ತ್ರಿಗೆ ಫೋನ್ ಮಾಡಿದೆ. "ಎರಡು ಕಡೆ ಕಿವಿ ಒಂದೇ ನೇರಕ್ಕೆ ಇದ್ಯಾ ನೋಡಿ" ಅಂದರು. ಇರಲಿಲ್ಲ :-(

ಮಜಾ ಅಂದ್ರೆ ಇದು ನನಗೆ ಗೊತ್ತಿರಬೇಕಾದ ವಿಷಯ. ಕಾಲೇಜಿನಲ್ಲಿ ಹುಕ್ಸ್ ಜಾಯಿಂಟ್ ಅಂತ ಇದನ್ನೇ ಓದಿದ್ದೆ, ಸೂತ್ರ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ. ಒಂದು ಕ್ರಾಸು ಕೋನದಲ್ಲಿ ತಿರುಗುವಾಗ ಒಳಗೆ ಬಂದ ವೇಗ ಅದೇ ಸಮನಾಗಿ ಹೊರಗೆ ಹೋಗಲ್ಲ. 20 ಡಿಗ್ರಿ ಕೋನ ಇದ್ದು ಈ ಕಡೆ ನಿಮಿಷಕ್ಕೆ 1000 ಸುತ್ತು ಇದ್ದರೆ, ಆ ಕಡೆ ಪ್ರತಿ ಸುತ್ತಿನಲ್ಲೂ ಎರಡೆರಡು ಸಲ 940ಕ್ಕೆ ಇಳಿದು 1064ಕ್ಕೆ ಏರುತ್ತೆ. ಎರಡನೇ ಕ್ರಾಸು ಇರೋದೇ ಮೊದಲನೆಯದರ ಈ ಏರಿಳಿತವನ್ನ ಅಳಿಸೋದಕ್ಕೆ. ಅದಕ್ಕೆ ಶಾಫ್ಟಿನ ಎರಡೂ ತುದಿಯ ಕಿವಿಗಳು ಒಂದೇ ನೇರಕ್ಕಿರಬೇಕು, ಎರಡೂ ಕಡೆಯ ಕೋನ ಹೆಚ್ಚುಕಮ್ಮಿ ಒಂದೇ ಇರಬೇಕು. ಹಲ್ಲು ತಪ್ಪಿ ಕೂತರೆ ಅಳಿಸುವ ಬದಲು ಕೂಡಿಸುತ್ತೆ. ಬಿಚ್ಚುವ ಮೊದಲು ಎರಡೂ ತುಂಡಿನ ಮೇಲೆ ಪೇಂಟಿನಲ್ಲಿ ಒಂದೊಂದು ಗೆರೆ ಎಳೆದಿದ್ದರೆ ಮುಗೀತಿತ್ತು. ಮೇಸ್ತ್ರಿಗೆ ಸೂತ್ರ ಗೊತ್ತಿಲ್ಲ, ಗೆರೆ ಎಳೆಯೋದು ಗೊತ್ತು. ನನಗೆ ಸೂತ್ರ ಗೊತ್ತು. ಜೀಪು ಯಾರ ಮಾತು ಕೇಳಿತು ಅಂತ ಬೇರೆ ಹೇಳಬೇಕಾ?

ಈಗ ನಾನು ಹೇಳಬೇಕು ಅಂದುಕೊಂಡಿದ್ದಕ್ಕೆ ಬರ್ತೀನಿ.

ಮುರಿದಾಗ ಮಾಡೋದು ರಿಪೇರಿ. ಮುರಿಯದ ಹಾಗೆ ನೋಡಿಕೊಳ್ಳೋದು ಬೇರೆಯದೇ ಕೆಲಸ. ಮೊದಲನೆಯದಕ್ಕೆ ನಮ್ಮಲ್ಲಿ ಮರ್ಯಾದೆ ಇದೆ. "ಕಾಡಿನ ಮಧ್ಯೆ ಶಾಫ್ಟ್ ಮುರೀತು, ಬರೀ ಫ್ರಂಟಲ್ಲಿ ಹೊಡ್ಕೊಂಡು ಬಂದೆ" ಅಂತ ಅಪ್ಪ ಊರಿಗೆಲ್ಲ ಹೇಳಿಕೊಂಡು ಬಂದರು, ನಾನೂ ಆಫೀಸಿನಲ್ಲಿ ಹೇಳಿದೆ. ಆದರೆ "ಹೋದ ಭಾನುವಾರ ಕ್ರಾಸಿಗೆ ಗ್ರೀಸ್ ಹೊಡೆದೆ, ಏನೂ ಆಗಲಿಲ್ಲ" ಅಂತ ಯಾರಾದರೂ ಕಥೆ ಹೇಳ್ತಾರಾ? ಏನೂ ಆಗದೇ ಇರೋದು ಕಥೆ ಅಲ್ಲ. ಅದಕ್ಕೇ ಅದನ್ನ ಯಾರೂ ಮಾಡಲ್ಲ. ನನ್ನ ಕೆಲಸದಲ್ಲೂ ಇದೇ ಕಥೆ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಾಗ ಎಬ್ಬಿಸಿದವನಿಗೆ ಚಪ್ಪಾಳೆ, ಆರು ತಿಂಗಳಿಂದ ಲಾಗಿನಲ್ಲಿ ಬರ್ತಿದ್ದ ವಾರ್ನಿಂಗ್ ಓದಿ ಸರಿಮಾಡಿದವನ ಹೆಸರು ಯಾರಿಗೂ ಗೊತ್ತಿಲ್ಲ.

ಇನ್ನೊಂದು, ಇದು ಯಾರ ಕೆಲಸ ಅನ್ನೋದೇ ತೀರ್ಮಾನ ಆಗಿರಲ್ಲ. ಅಪ್ಪ ಅಂದುಕೊಂಡಿದ್ದು ಆಯಿಲ್ ಬದಲಾಯಿಸುವಾಗ ವರ್ಕ್‌ಶಾಪಿನವರು ಗ್ರೀಸೂ ಹೊಡೀತಾರೆ ಅಂತ. ವರ್ಕ್‌ಶಾಪಿನವರು ಹೇಳಿದ್ದು "ನೀವು ಹೇಳಿರಲಿಲ್ಲವಲ್ಲ" ಅಂತ. ಇಬ್ಬರದ್ದೂ ಸುಳ್ಳಲ್ಲ. ಸರ್ಕಾರದ ಕಡೆಯಿಂದ ನೋಡಿದರೆ, ಖಾಸಗಿ ಗಾಡಿಗೆ 15 ವರ್ಷ ಆದ ಮೇಲೆ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಣ, ಆಗ ಗಾಡಿ ತೋರಿಸಬೇಕು. ಒಣಗಿದ ಕ್ರಾಸು ಐದು ವರ್ಷ ಕಾಯಲ್ಲ, ನಮ್ಮ ಮಳೆಯಲ್ಲಂತೂ ಕಾಯೋದೇ ಇಲ್ಲ.

ನಮ್ಮ ಜೀಪಾದರೆ ನಾವು ನಾಲ್ಕು ಜನ. ಸೀಸನ್ನಿನಲ್ಲಿ ಬೆಟ್ಟಕ್ಕೆ ಪ್ರವಾಸಿಗರನ್ನ ಹತ್ತಿಸುವ ಹಳೇ ಜೀಪುಗಳನ್ನ ನೋಡಿ. ನಮ್ಮ ಮಲೆನಾಡಿನಲ್ಲಿ ಅವಿಲ್ಲದ ಬೆಟ್ಟ ಇಲ್ಲ. ಆ ಡ್ರೈವರುಗಳ ಕೈಚಳಕಕ್ಕೆ ನಾನು ನಿಜವಾಗಲೂ ತಲೆಬಾಗ್ತೀನಿ, ಆ ದಾರಿಯಲ್ಲಿ ನನ್ನಿಂದ ನೂರು ಮೀಟರ್ ಓಡಿಸೋದಕ್ಕೂ ಆಗಲ್ಲ. ಆದರೆ ಶಾಫ್ಟಿನ ತುದಿ ಬಿದ್ದಾಗ ಕೈಚಳಕ ಎಲ್ಲಿ ಉಪಯೋಗಕ್ಕೆ ಬರುತ್ತೆ? ಶಾಫ್ಟಿನ ಮುಂದಿನ ತುದಿ ಕಳಚಿ ಓಡುವಾಗ ನೆಲಕ್ಕೆ ಚುಚ್ಚಿಕೊಂಡರಂತೂ ಗಾಡಿಯ ಹಿಂಭಾಗವನ್ನೇ ಎತ್ತಿಬಿಡಬಹುದು. ಹೊಸ ಪೇಂಟು, ದೊಡ್ಡ ಟಯರು, ಹಾಡಿನ ಪೆಟ್ಟಿಗೆಗೆ ಸುರಿಯುವ ದುಡ್ಡಿನಲ್ಲಿ ಒಂದು ಚೂರು ಕೆಳಗೂ ಹೋಗಲಿ. ಹತ್ತುವ ನಾವೂ ಕೂಡ, ಹೊರಡುವಾಗ ಕೆಳಗಿನಿಂದ ಟಕ್ ಅಂದರೆ "ಎಂಥದಣ್ಣ ಅದು?" ಅಂತ ಕೇಳೋದಕ್ಕೆ ನಾಚಿಕೆ ಯಾಕೆ?

ನನ್ನ ಗೆಳೆಯ ಒಬ್ಬ ಹೇಳ್ತಾನೆ, "ಆ ಗುಜರಿ ಮಾರಿ ಹೊಸದು ತಗೊಳ್ರೋ" ಅಂತ. ಮಾರಬಹುದು. ಆದರೆ ಹೊಸ ಫೋರ್ ವೀಲ್ ಗಾಡಿಯ ಕೆಳಗೂ ಶಾಫ್ಟು ಇದೆ, ಕೀಲು ಇದೆ. ಮುಂದಿನ ಚಕ್ರದ ಸಿವಿ ಜಾಯಿಂಟಿಗೆ ಗ್ರೀಸ್ ಹೊಡೆಯುವ ಹಾಗಿಲ್ಲ, ಬದಲಿಗೆ ಅದರ ರಬ್ಬರ್ ಬೂಟು ಹರಿದಿದೆಯಾ ಅಂತ ನೋಡಬೇಕು. ಹರಿದರೆ ಗ್ರೀಸು ಹೊರಗೆ, ಕೆಸರು ಒಳಗೆ. ನೋಡುವ ಜಾಗ ಬದಲಾಯ್ತು, ನೋಡುವ ಕೆಲಸ ಉಳೀತು. ಗ್ರೀಸೇ ಬೇಡದ ಸೀಲ್ಡ್ ಕ್ರಾಸುಗಳೂ ಬರುತ್ತವೆ. ಗ್ರೀಸ್ ಹೋಗೋದಕ್ಕೆ ತೂತು ಕೊರೆದಿರಲ್ಲವಾದ್ದರಿಂದ ಅವು ಗಟ್ಟಿ ಕೂಡ. ನಿಜ ಹೇಳಬೇಕು ಅಂದ್ರೆ, ವರ್ಷಗಟ್ಟಲೆ ಕೆಳಗೆ ಬಗ್ಗಿ ನೋಡದವರಿಗೆ ಅದೇ ಒಳ್ಳೆಯದು. ಆದರೆ ದಿನಾ ಹಳ್ಳ ದಾಟುವ ಗಾಡಿಗೆ ನನ್ನ ಓಟು ನಿಪ್ಪಲ್ ಇರುವ ಕ್ರಾಸಿಗೇ. ನೀರು ಒಳಗೆ ಹೋದರೂ ಹೊಸ ಗ್ರೀಸಿನಿಂದ ಅದನ್ನ ಹೊರಗೆ ತಳ್ಳಬಹುದು. ಒಂದೇ ಷರತ್ತು, ತಳ್ಳಬೇಕು!

ಹಳೇ ಜೀಪು ಇರುವವರಿಗೆ ನಾನು ಕಲಿತದ್ದಿಷ್ಟು:

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ನಾಲ್ಕು ಚಕ್ರಕ್ಕೂ ಹಿಂದೆ ಮುಂದೆ ಕಲ್ಲು ಕೊಡಿ. ಹ್ಯಾಂಡ್‌ಬ್ರೇಕ್ ನಂಬಿ ಶಾಫ್ಟು ಬಿಚ್ಚಬೇಡಿ. ಶಾಫ್ಟು ಬಿಚ್ಚಿದ ಕ್ಷಣ ಆ ಹ್ಯಾಂಡ್‌ಬ್ರೇಕೂ ಇಲ್ಲ, ಗೇರೂ ಇಲ್ಲ, ಕೆಳಗೆ ಮಲಗಿರೋದು ನೀವು.

ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಕ್ರಾಸಿನ ಎರಡು ಕಡೆ ಎರಡು ಕೈಯಲ್ಲಿ ಹಿಡಿದು ಒಂದನ್ನ ಆ ಕಡೆ ಒಂದನ್ನ ಈ ಕಡೆ ತಿರುಚಿ. ಮೇಲೆ ಕೆಳಗೆ ಎತ್ತಿ ನೋಡಿ. ಎರಡೂ ಕಿವಿ ಒಟ್ಟಿಗೆ ಸ್ವಲ್ಪ ತಿರುಗಿದರೆ ಅದು ಆಕ್ಸಲ್ಲಿನ ಹಲ್ಲಿನ ಸಡಿಲ, ಹಳೇ ಗಾಡಿಗೆ ಸಹಜ. ಕ್ಯಾಪಿನ ಹತ್ತಿರ ಅಲ್ಲಾಡಿದರೆ, ಅಥವಾ ಸೀಲಿನ ಸುತ್ತ ಇಟ್ಟಿಗೆ ಬಣ್ಣದ ಪುಡಿ ಕಂಡರೆ, ಕ್ರಾಸು ಬದಲಾಯಿಸಿ. ಅದಕ್ಕೆ ಗ್ರೀಸು ಔಷಧಿ ಅಲ್ಲ.

ಗ್ರೀಸ್ ಹೊಡೆಯುವಾಗ ನಾಲ್ಕೂ ಕ್ಯಾಪಿನ ಅಂಚಿನಲ್ಲಿ ಹೊಸ ಗ್ರೀಸು ಇಣುಕುವ ತನಕ ಹೊಡೆಯಿರಿ. ಮೂರರಲ್ಲಿ ಬಂದು ಒಂದರಲ್ಲಿ ಬರಲಿಲ್ಲ ಅಂದರೆ, ಮುಂದೆ ನಿಮ್ಮನ್ನ ದಾರಿಯಲ್ಲಿ ಬಿಡೋದು ಆ ಒಂದೇ. ನಾಲ್ಕು ಕ್ರಾಸಿನ ಜೊತೆ ಎರಡು ಶಾಫ್ಟಿನ ಜಾರುವ ಹಲ್ಲಿಗೂ ಒಂದೊಂದು ನಿಪ್ಪಲ್ ಇದೆ, ಮರೆಯಬೇಡಿ. ನೀರಿನಲ್ಲಿ ಮುಳುಗಿಸಿದ ದಿನ ಕ್ಯಾಲೆಂಡರ್ ನೋಡಬೇಡಿ, ಹೊಡೆಯಿರಿ.

ಹೊಸ ಕ್ರಾಸು ಹಾಕುವಾಗ ನಿಪ್ಪಲಿಗೆ ಗ್ರೀಸ್ ಗನ್ನಿನ ಮೂತಿ ಮುಟ್ಟುವ ಹಾಗೆ ಕೂರಿಸಿ. ನಿಪ್ಪಲ್ ಒಳಮುಖಕ್ಕೆ ಕೂತರೆ ಮತ್ತೆ ಯಾರೂ ಗ್ರೀಸ್ ಹೊಡೆಯಲ್ಲ. ಯು ಬೋಲ್ಟುಗಳನ್ನ ಎರಡೂ ಕಡೆ ಸಮನಾಗಿ ಬಿಗಿ ಮಾಡಿ. ಸಿಟ್ಟಿನಿಂದ ಬಿಗಿದರೆ ಕ್ಯಾಪು ಅಪ್ಪಚ್ಚಿಯಾಗುತ್ತೆ. ಒಂದು ವಾರ ಓಡಿಸಿ ಮತ್ತೆ ಬಿಗಿ ನೋಡಿ.

ಇಷ್ಟಕ್ಕೆ ಬೇಕಾದ್ದು ಒಂದು ಗ್ರೀಸ್ ಗನ್ನು, ಒಂದು ಗೋಣಿಚೀಲ, ಅರ್ಧ ಗಂಟೆ. ಕ್ರಾಸು ಒಂದಕ್ಕೆ ಕೊಟ್ಟಿದ್ದು ಕೆಲವು ನೂರು ರೂಪಾಯಿ. ನಾವು ಬೆಂಗಳೂರಿನಲ್ಲಿ ಒಂದು ಊಟಕ್ಕೆ ಕೊಡುವಷ್ಟು. ಅಷ್ಟಕ್ಕೆ ನಾಲ್ಕು ಜೀವ ಕಣಿವೆಯ ಅಂಚಿನಲ್ಲಿ ನಿಂತಿತ್ತು ಅನ್ನೋದು ನನ್ನ ತಲೆಯಿಂದ ಹೋಗೋದೇ ಇಲ್ಲ.

ಈಗ ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ತಾರೀಕು ಬರೆಯುತ್ತೇವೆ. ಮಳೆಗಾಲದಲ್ಲಿ ತಿಂಗಳಿಗೊಂದು ಸಲ, ಬೇಸಿಗೆಯಲ್ಲಿ ಎರಡು ತಿಂಗಳಿಗೊಂದು ಸಲ. ನಾನು ಊರಲ್ಲಿದ್ದರೆ ನಾನು, ಇಲ್ಲದಿದ್ದರೆ ಅಪ್ಪ. ಮೊನ್ನೆ ಹೋದಾಗ ನೋಡಿದೆ, ನಾನಿಲ್ಲದ ತಿಂಗಳುಗಳ ತಾರೀಕೂ ಅಪ್ಪನ ಗುಂಡು ಅಕ್ಷರದಲ್ಲಿ ಸಾಲಾಗಿ ಇದೆ. ಏರಿನ ಬುಡದಲ್ಲಿ ಈಗ ಯಾರೂ ಹೇಳದೆ ಫೋರ್ ವೀಲ್ ಕೋಲು ಎಳೀತಾರೆ. ಜೀಪು ಈಗಲೂ ಸದ್ದು ಮಾಡುತ್ತೆ, ಹಳೇ ಗಾಡಿ ಅಲ್ವಾ. ಆದರೆ ಹೊಸ ಸದ್ದು ಒಂದು ಬಂದರೆ ಅಪ್ಪ ಎಂಜಿನ್ ಆಫ್ ಮಾಡಿ, "ಎಂಥದು ಅದು, ಸ್ವಲ್ಪ ಇಳಿದು ನೋಡು" ಅಂತಾರೆ.

ನಿಮ್ಮ ಗಾಡಿ ಏನಾದರೂ ಹೇಳ್ತಿದೆಯಾ? ಈ ಭಾನುವಾರ ಒಮ್ಮೆ ಬಗ್ಗಿ ನೋಡಿ.